ಒಮ್ಮತದ ಒಕ್ಕಣೆ: ಷರ್ಮನ್ ಕೆಂಟರ ಪ್ರಬಂಧವೊಂದರ ವಿಮರ್ಶೆ

ಅಮೆರಿಕದ ಕೇಂದ್ರ ಬೇಹುಗಾರಿಕಾ ಸಂಸ್ಥೆಯಲ್ಲಿ ರಾಷ್ಟ್ರೀಯ ಅಂದಾಜುಗಳ ಕಚೇರಿಯು 1950ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಸಿದ್ಧವಾದ ಕರಡನ್ನು ವಿದೇಶಾಂಗ, ಸೇನಾ ಇಲಾಖೆಗಳ ಪ್ರತಿನಿಧಿಗಳು ಕೂಡಿ ಕುಳಿತು ತಿದ್ದುತ್ತಿದ್ದರು. ಒಪ್ಪದ ಇಲಾಖೆಯ ಭಿನ್ನಮತ ಅಡಿಟಿಪ್ಪಣಿಗೆ ಸೇರುತ್ತಿತ್ತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಕೆಂಟರು 1952ರಿಂದ 1967ರವರೆಗೆ ಅದರ ಮುಖ್ಯಸ್ಥರು.

1951ರ ಮಾರ್ಚ್ ತಿಂಗಳ ವರದಿಯೊಂದು ಯುಗೊಸ್ಲಾವಿಯದ ಮೇಲಿನ ಆಕ್ರಮಣವನ್ನು ‘ಗಂಭೀರ ಸಾಧ್ಯತೆ’ ಎಂದು ಕರೆಯಿತು. ಕೆಂಟರ ಮನಸ್ಸಿನಲ್ಲಿದ್ದುದು ನೂರಕ್ಕೆ 65. ಓದಿದ ಅಧಿಕಾರಿ ಗ್ರಹಿಸಿದ್ದು ಅದಕ್ಕಿಂತ ಬಹಳ ಕಡಿಮೆ. ಕರಡಿಗೆ ಸಮ್ಮತಿಯಿತ್ತ ಸಹೋದ್ಯೋಗಿಗಳನ್ನೇ ಒಬ್ಬೊಬ್ಬರಾಗಿ ವಿಚಾರಿಸಲು, ಉತ್ತರಗಳು 20ರಿಂದ 80ರವರೆಗೆ ಹರಡಿದ್ದವು! 1964ರ ಪ್ರಬಂಧದಲ್ಲಿ ಕೆಂಟರು ಸೂಚಿಸುವ ಪರಿಹಾರವೆಂದರೆ ಪದಪದಕ್ಕೂ ಒಂದು ಅಂಕಿಯ ಮಿತಿ. ಇದನ್ನೊಲ್ಲದವರನ್ನು ಅವರು ‘ಕವಿಗಳು’ ಎನ್ನುತ್ತಾರೆ. ಕವಿಗಳಿಗೆ ಇದರಿಂದ ಅಗೌರವವೇನೂ ಆಗಿಲ್ಲ.

ರೋಗನಿದಾನವೇ ಇಲ್ಲಿ ತಪ್ಪಿದೆಯೆಂದು ನಮಗೆ ತೋರುತ್ತದೆ. ಪದವು ಮಸುಕಾಗಿದ್ದುದರಿಂದಲೇ ಒಮ್ಮತ ಸಾಧ್ಯವಾಯಿತು. ಅಂಕಿಯನ್ನು ಮುಂದಿಟ್ಟಿದ್ದರೆ ಸಭೆ ಒಡೆಯುತ್ತಿತ್ತು. ಕ್ಯೂಬಾದಲ್ಲಿ ಕ್ಷಿಪಣಿಗಳನ್ನು ನೆಲೆಗೊಳಿಸುವುದು ಸೋವಿಯತ್ ಒಕ್ಕೂಟದ ಅದುವರೆಗಿನ ರೂಢಿಗೆ ಹೊಂದದೆಂದು 1962ರ ಸೆಪ್ಟೆಂಬರ್ 19ರ ವರದಿ ಹೇಳಿತು. ಅಕ್ಟೋಬರ್ 14ರಂದು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕ್ಷಿಪಣಿಗಳಿದ್ದವು. ಅಲ್ಲಿ ಪದದ ಮಸುಕು ಅಡ್ಡಬರಲಿಲ್ಲ. ಸಂಸ್ಥೆಯ ನಿರ್ದೇಶಕರಾದ ಮೆಕೋನರೇ ಬೇರೆಯಾಗಿ ಶಂಕಿಸಿದ್ದರು. ಆ ಶಂಕೆಗೆ ವರದಿಯಲ್ಲಿ ಎಡೆ ದೊರೆಯಲಿಲ್ಲ.