ಆರೋಗ್ಯ ಸಮೀಕ್ಷೆಯ ಪ್ರಶ್ನೆ ಮತ್ತು ತಾಯಿಯ 'ಇಲ್ಲ'

1992-93ರಲ್ಲಿ ಮೊದಲ ಸುತ್ತು ಕಂಡ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಯನ್ನು ಅಂಕಿಅಂಶಗಳ ಸಾಧನವಾಗಿಯಷ್ಟೇ ಅಲ್ಲದೆ, ಇಬ್ಬರು ಹೆಂಗಸರ ನಡುವಿನ ಮಾತುಕತೆಯಾಗಿಯೂ ಓದಬೇಕಾಗಿದೆ.

ಹೆರಿಗೆಯ ವಿವರಗಳ ಭಾಗವನ್ನೇ ಗಮನಿಸಬಹುದು. ಜೊತೆಗಿರುವ ಮಕ್ಕಳೆಷ್ಟು, ಬೇರೆಡೆ ಇರುವವರೆಷ್ಟು ಎಂದು ವಿಚಾರಿಸಿದ ಬಳಿಕ, ಜೀವಂತವಾಗಿ ಹುಟ್ಟಿ ತೀರಿಕೊಂಡ ಮಗುವಿನ ಪ್ರಶ್ನೆ ಬರುತ್ತದೆ. ತಾಯಿ ಇಲ್ಲವೆಂದರೆ, ಹುಟ್ಟಿದಾಗ ಅತ್ತು ಅಥವಾ ಜೀವದ ಕುರುಹು ತೋರಿ ಆಮೇಲೆ ಉಳಿಯದ ಕೂಸು ಇತ್ತೇ ಎಂದು ಮತ್ತೆ ಕೇಳಬೇಕು. ಶಿಶುಮರಣ ದರದ ಲೆಕ್ಕ ಈ ಉತ್ತರಗಳನ್ನು ಅವಲಂಬಿಸಿದೆ. 'ಜೀವಂತ ಜನನ' ಕಚೇರಿಯ ಮಾತು. 'ಕೂಸು ಅತ್ತಿತೇ' ಎಂಬುದು ಸೂಲಗಿತ್ತಿಯ ಮಾತು. ಪ್ರಶ್ನಾವಳಿ ಜನಪದರ ತಿಳಿವಳಿಕೆಗೆ ಹತ್ತಿರವಾಗುವುದು ಇಲ್ಲಿಯೇ.

ಆದರೆ ಯಾರ ಎದುರಿನಲ್ಲಿ ಕೇಳಲಾಗುತ್ತದೆ? 2005-06ರ ಮೂರನೆಯ ಸುತ್ತಿನಲ್ಲಿ, ಕೌಟುಂಬಿಕ ಹಿಂಸೆಯ ಪ್ರಶ್ನೆಗಳಿಗೆ ಮನೆಯೊಂದರಿಂದ ಒಬ್ಬಳನ್ನೇ ಆರಿಸಿ, ಏಕಾಂತ ದೊರೆಯದಿದ್ದರೆ ಆ ಭಾಗವನ್ನೇ ಕೈಬಿಡಬೇಕೆಂಬ ನಿಯಮವಿತ್ತು. ತೀರಿದ ಕೂಸಿನ ಪ್ರಶ್ನೆಗೆ ಏಕಾಂತ ಅಪೇಕ್ಷಣೀಯವೇ ಹೊರತು, ಅಂಥ ಕಟ್ಟುನಿಟ್ಟಿಲ್ಲ. ಅತ್ತೆಯ ಮುಂದೆ ಸೊಸೆ ನುಡಿಯುವ 'ಇಲ್ಲ'ವನ್ನು ಮರೆವೆಂದೋ ಅಜ್ಞಾನವೆಂದೋ ಬಗೆಯುವುದು ಸುಲಭ, ಸರಿಯಲ್ಲ. ಉತ್ತರ ಕರ್ನಾಟಕದ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಉಚ್ಚರಿಸದೆ ಒಡಪಿನಲ್ಲಿ ಕಟ್ಟಿ ಹೇಳುತ್ತಾರೆ. ಅಲ್ಲಿ ನಿಷೇಧದೊಡನೆ ಅದನ್ನು ದಾಟುವ ದಾರಿಯೂ ಉಂಟು. ಸಮೀಕ್ಷೆಯಲ್ಲಿ ಇರುವುದು ಹೌದು, ಇಲ್ಲ ಎಂಬ ಎರಡು ಸಂಕೇತಗಳು ಮಾತ್ರ.

ಏಕಾಂತದ ನಿಯಮವನ್ನು ಹೆರಿಗೆಯ ಭಾಗಕ್ಕೂ ವಿಸ್ತರಿಸಿದರೆ ಕೆಲವು ಸಂದರ್ಶನಗಳು ಅಪೂರ್ಣವಾಗಿ ಉಳಿಯಬಹುದು. ಪೂರ್ಣಗೊಂಡವುಗಳಲ್ಲಿ ದಾಖಲಾಗುವ 'ಇಲ್ಲ'ವನ್ನು ಮಾತ್ರ ಈಗಿನದಕ್ಕಿಂತ ಹೆಚ್ಚು ನಂಬಬಹುದು.