ಬರೀ ನೆಲ ಇತ್ತು ಸಾರ್

ಕೆಲವು ವರ್ಷಗಳ ಹಿಂದೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಹಳೆಯ ಫೋಟೊದ ಪ್ರಿಂಟೊಂದನ್ನು ಕಟ್ಟು ಹಾಕಿಸಲು ಕೊಟ್ಟಿದ್ದೆ. ವಾರ ಬಿಟ್ಟು ಹೋದರೆ ಚಿತ್ರ ಕೆಳಗಡೆ ಮೂರು ಇಂಚು ಮೋಟಾಗಿತ್ತು. ಕೇಳಿದ್ದಕ್ಕೆ ಅಂಗಡಿಯವರು, “ಕೆಳಗೆ ಬರೀ ನೆಲ ಇತ್ತು ಸಾರ್, ರೆಡಿ ಫ್ರೇಮಿಗೆ ಕೂರಲಿ ಅಂತ ತೆಗೆದೆ” ಅಂದರು.

ಆ ಫೋಟೊ ಬಲ್ಲವರಿಗೆ ನನ್ನ ಸಂಕಟ ಅರ್ಥವಾದೀತು. ಎತ್ತರದ ಕಿಟಕಿಗಳಿಂದ ಬಿಸಿಲುಕೋಲುಗಳು ಓರೆಯಾಗಿ ಇಳಿದು ನೆಲದ ಮೇಲೆ ಬೆಳಕಿನ ಚಾಪೆ ಹಾಸುತ್ತವೆ. ಸುಮಾರು 125 ಅಡಿ ಎತ್ತರದ ಆ ಚಾವಣಿಯ ಕೆಳಗೆ ಟೋಪಿ ಹಾಕಿದ ಜನ ಕಡಲೆಕಾಳಿನಷ್ಟು. ಕೋಲು ಉಳಿದು ಚಾಪೆ ಹೋದರೆ ಬೆಳಕು ಎಲ್ಲೂ ತಲುಪದೆ ಗಾಳಿಯಲ್ಲೇ ನಿಂತುಬಿಡುತ್ತದೆ. ನೆಲವೇ ಆ ಚಿತ್ರದ ಅರ್ಧ ಆಸ್ತಿ.

ಮನೆಗೆ ಬಂದವರೆಲ್ಲ ಆ ಬೆಳಕನ್ನು ನೋಡಿ “ಉಗಿಬಂಡಿ ಕಾಲದ ಸೊಗಸೇ ಬೇರೆ” ಅನ್ನುತ್ತಾರೆ. ಅಲ್ಲಿ ಉಗಿಯೇ ಇರಲಿಲ್ಲ. 1902ರ ಜನವರಿಯಲ್ಲಿ ಈ ನಿಲ್ದಾಣಕ್ಕೆ ಬರುವ ಸುರಂಗದಲ್ಲಿ, ಹೊಗೆ ಮುಸುಕಿ ಸಿಗ್ನಲ್ ಕಾಣದೆ ರೈಲಿಗೆ ರೈಲು ಗುದ್ದಿ 15 ಜನ ಸತ್ತರು. ಆಮೇಲೆ ಮ್ಯಾನ್‌ಹಟನ್ನಿನೊಳಗೆ ಉಗಿ ಎಂಜಿನ್ನಿಗೆ ನಿಷೇಧ ಬಂತು. 1913ರಲ್ಲಿ ತೆರೆದ ಈಗಿನ ಕಟ್ಟಡ ಮೊದಲಿನಿಂದಲೂ ವಿದ್ಯುತ್ ರೈಲಿನದು. ಬಿಸಿಲಿಗೆ ಮೈ ಕೊಟ್ಟದ್ದು ಬರೀ ದೂಳು. ಜೊತೆಗೆ ಸಿಗರೇಟಿನ ಹೊಗೆಯೂ ಇದ್ದೀತು. ಈಗ ಸುತ್ತಲೂ ಎದ್ದ ಕಟ್ಟಡಗಳು ಬಿಸಿಲಿಗೆ ಅಡ್ಡ ನಿಂತಿವೆ.

ಅಂದಹಾಗೆ, ಈ ಬಿಸಿಲುಕೋಲಿನ ಫೋಟೊ ಒಂದಲ್ಲ, ಹಲವು. ಮಾರುವವರು ಒಬ್ಬೊಬ್ಬರು ಒಂದೊಂದು ಇಸವಿ, ಒಂದೊಂದು ಹೆಸರು ಹೇಳುತ್ತಾರೆ. ಹೆಸರಿಗೆಂದು ಹೆಚ್ಚು ದುಡ್ಡು ಕೊಡಬೇಡಿ.

ಕೊಡದೆಯೂ ಸಿಗುವಂಥದ್ದೊಂದು ಇದೆ. 1943ರ ಜನವರಿಯಲ್ಲಿ ಜಾಕ್ ಡೆಲಾನೊ ಶಿಕಾಗೊದ ಯೂನಿಯನ್ ಸ್ಟೇಷನ್ನಿನ ನಿರೀಕ್ಷಣಾಲಯದಲ್ಲಿ ತೆಗೆದ ಚಿತ್ರಗಳು. ಯುದ್ಧದ ನಡುವೆ ಅಮೆರಿಕದ ಸರ್ಕಾರಕ್ಕಾಗಿ ರೈಲುಗಳ ಚಿತ್ರ ತೆಗೆಯುತ್ತಾ ತಿರುಗುತ್ತಿದ್ದ ಈತ ಉಕ್ರೇನಿನಲ್ಲಿ ಹುಟ್ಟಿದವನು, ಸಂಗೀತವನ್ನೂ ಓದಿದವನು. ಸರ್ಕಾರಿ ಕೆಲಸವಾದ್ದರಿಂದ ಚಿತ್ರಗಳಿಗೆ ಹಕ್ಕಿನ ಬೇಲಿಯಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಗ್ರ್ಯಾಂಡ್ ಸೆಂಟ್ರಲ್ ಬೆರಗು ಹುಟ್ಟಿಸುತ್ತದೆ, ಡೆಲಾನೊನ ಶಿಕಾಗೊ ಜೊತೆಗೆ ಕೂರಿಸಿಕೊಳ್ಳುತ್ತದೆ. ದಿನಾ ನೋಡುವ ಗೋಡೆಗೆ ನನ್ನ ಮತ ಎರಡನೆಯದಕ್ಕೆ. ನಿಲ್ದಾಣದ ಚಿತ್ರ ಅಂದರೆ ನನಗೆ ಕಾಯುವವರ ಚಿತ್ರ. ಬರೀ ಎಂಜಿನ್ ಬೇಕಿದ್ದವರು ಕ್ಯಾಲೆಂಡರ್ ತಂದುಕೊಳ್ಳಲಿ.

ಕಾಫಿ ಅಂಗಡಿಗಳಲ್ಲಿ ತೂಗುವ ಇನ್ನೊಂದು ಚಿತ್ರ ನಿಮಗೆ ಗೊತ್ತಿರುತ್ತದೆ. ಪ್ಯಾರಿಸ್ಸಿನ ಮಾಂಪರ್ನಾಸ್ ನಿಲ್ದಾಣದ ಗೋಡೆ ಒಡೆದು ಎಂಜಿನ್ ಮೂತಿ ಕೆಳಗೆ ಮಾಡಿ ಬೀದಿಗೆ ಜೋತುಬಿದ್ದಿರುವುದು. 1895ರ ಅಕ್ಟೋಬರ್ 22ರಂದು ನಡೆದದ್ದು. ನೋಡಿದ ಕೂಡಲೇ ನಗು ಬರುತ್ತದೆ. ಆವತ್ತು ಕೆಳಗೆ ಗಂಡನ ಬದಲಿಗೆ ಪತ್ರಿಕೆ ಮಾರಲು ಕೂತಿದ್ದ ಹೆಂಗಸು ಗೋಡೆಯ ಕಲ್ಲು ಬಿದ್ದು ಸತ್ತಳು. ಪೋಸ್ಟರಿನಲ್ಲಿ ಆಕೆಯ ಸುಳಿವಿಲ್ಲ. ಇದು ತಿಳಿದ ಮೇಲೆ ನನ್ನ ಮನೆಯಿಂದ ಅದು ಇಳಿಯಿತು.

ಪ್ರಿಂಟಿನ ಮಾತು. ವಾಟ್ಸ್ಯಾಪಿನಲ್ಲಿ ಬಂದ ಫೋಟೊವನ್ನು ದೊಡ್ಡದು ಮಾಡಿಸಿ ಆಮೇಲೆ ಲ್ಯಾಬಿನವರನ್ನು ಬೈಯಬೇಡಿ. 16×20 ಇಂಚಿಗೆ ಹಾಕಿಸಬೇಕಾದರೆ ಕಡತದ ಉದ್ದನೆಯ ಬದಿಯಲ್ಲಿ 6,000 ಪಿಕ್ಸೆಲ್ ಇದ್ದರೆ ಲೇಸು. ಕಾಗದ ಮ್ಯಾಟ್ ಇರಲಿ; ಗ್ಲಾಸಿಯಾದರೆ ನೀವು ನೋಡುವುದು ನಿಮ್ಮದೇ ಟ್ಯೂಬ್‌ಲೈಟನ್ನು. ಸೆಪಿಯಾ ಮಾಡಿಕೊಡಲೇ ಅಂತ ಕೇಳಿದರೆ ಬೇಡವೆನ್ನಿ. ಹಿಂದಿನವರು ಫೋಟೊದ ಬೆಳ್ಳಿಯನ್ನು ಸಲ್ಫೈಡ್ ಮಾಡಿ ಕಂದು ತರಿಸುತ್ತಿದ್ದರು, ಅದರಿಂದ ಚಿತ್ರದ ಬಾಳಿಕೆ ಹೆಚ್ಚುತ್ತಿತ್ತು. ಈಗಿನದು ಗುಂಡಿ ಒತ್ತಿ ಬಳಿದ ಚಹಾದ ಬಣ್ಣ. ಮೌಂಟ್ ಬೋರ್ಡ್ ಮಾತ್ರ ಆಮ್ಲರಹಿತವೇ ಬೇಕು, ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಚಿತ್ರದ ಅಂಚಿಗೆ ಕಂದು ಗೆರೆ ಹತ್ತುತ್ತದೆ. ಕರಾವಳಿ, ಮಲೆನಾಡಿನವರು ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡದಿದ್ದರೆ ಒಂದೇ ಮಳೆಗಾಲಕ್ಕೆ ಬೂಷ್ಟು.

ಕತ್ತರಿಯ ವಿಷಯದಲ್ಲಿ ಒಂದು ತಪ್ಪೊಪ್ಪಿಗೆ. 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂಬದಿಯಲ್ಲಿ ಒಬ್ಬ ನೀರಿನ ಮೇಲೆ ಹಾರುವ ಚಿತ್ರ ತೆಗೆದ ಕಾರ್ತಿಯೆ ಬ್ರೆಸಾನ್, ಫೋಟೊ ಕತ್ತರಿಸುವುದನ್ನು ಒಪ್ಪದವನು. ಆದರೆ ಬೇಲಿಯ ಸಂದಿಯಿಂದ ತೆಗೆದ ಆ ಚಿತ್ರದಲ್ಲಿ ಹಲಗೆ ಅಡ್ಡ ಬಂದದ್ದರಿಂದ ಅದನ್ನು ಕತ್ತರಿಸಬೇಕಾಯಿತು. ನಮ್ಮ ಅಂಗಡಿಯವರಿಗೆ ಇದು ಗೊತ್ತಿದ್ದರೆ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಡೆಲಾನೊನ ಶಿಕಾಗೊವನ್ನು ಈಗ ಬೇರೆ ಕಡೆ ಕಟ್ಟು ಹಾಕಿಸಿ, ಹಾಲ್ ಬಿಟ್ಟು ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಾಕಿದ್ದೇನೆ. ಹೊರಡುತ್ತೇವೆಂದು ಎದ್ದ ನೆಂಟರು ಅಲ್ಲಿ ಇನ್ನೊಂದು ಅರ್ಧ ಗಂಟೆ ನಿಂತು ಮಾತಾಡುತ್ತಾರೆ.