ಚಿಕಿತ್ಸಾಸೂತ್ರಗಳೂ ವೃದ್ಧಾಶ್ರಮಗಳೂ

ಚೆನ್ನೈ ನಗರದ ಪ್ಯಾರೀಸ್ ಕಾರ್ನರಿಗೆ ಉತ್ತರದಲ್ಲಿ ಮೋನೆಗಾರ್ ಛತ್ರವಿದೆ. 1782ರ ಕ್ಷಾಮಕಾಲದಲ್ಲಿ ಹಸಿದವರಿಗೆ ಗಂಜಿಯೆರೆಯಲು ಹುಟ್ಟಿದ ಈ ಸಂಸ್ಥೆ ಕಾಲಾಂತರದಲ್ಲಿ ವೃದ್ಧರ ಆಶ್ರಯವಾಯಿತು. ಅದರ ಮಗ್ಗುಲಲ್ಲಿ ಬೆಳೆದ ಚಿಕಿತ್ಸಾಲಯವೇ ಇಂದಿನ ಸ್ಟಾನ್ಲಿ ಆಸ್ಪತ್ರೆಯ ಮೂಲ. ಅನ್ನ, ಆಶ್ರಯ, ಔಷಧ ಮೂರೂ ಅಲ್ಲಿ ಒಂದೇ ಅಂಗಳದಲ್ಲಿ ಮೊಳೆತವು. ಈಗ ಔಷಧಕ್ಕೆ ಪ್ರತ್ಯೇಕವಾದ ಲಿಖಿತ ಚಿಕಿತ್ಸಾಸೂತ್ರಗಳು ಏರ್ಪಟ್ಟಿವೆ. ಇವು ವೃದ್ಧಾಶ್ರಮಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದು ವಿಚಾರಣೀಯ.

ಸೂತ್ರಗಳ ಉಪಯುಕ್ತತೆ ನಿರ್ವಿವಾದ. ರೂಢಿ ಮತ್ತು ಊಹೆಗಳ ಸ್ಥಾನದಲ್ಲಿ ಅವು ಪರೀಕ್ಷಿತ ಪ್ರಮಾಣವನ್ನು ನಿಲ್ಲಿಸುತ್ತವೆ. ಅಮೆರಿಕದ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ, ವೃದ್ಧರಿಗೆ ಹಿತವಲ್ಲದ ಔಷಧಗಳ ಪಟ್ಟಿ ಮೊದಲು ಸಿದ್ಧವಾದದ್ದೇ ಶುಶ್ರೂಷಾಲಯವಾಸಿಗಳಿಗಾಗಿ. ಆದರೆ ಬಹುತೇಕ ಸೂತ್ರಗಳು ಒಂದೊಂದೇ ರೋಗವನ್ನು ಕುರಿತು ರಚಿತವಾದುವು. ವೃದ್ಧದೇಹವಾದರೋ ಹಲವು ರೋಗಗಳ ನೆಲೆ. 2005ರಲ್ಲಿ ಸಿಂಥಿಯಾ ಬಾಯ್ಡ್ ಮತ್ತು ಸಂಗಡಿಗರು, ಐದು ರೋಗಗಳುಳ್ಳ 79 ವರ್ಷದ ಮುದುಕಿಯೊಬ್ಬಳನ್ನು ಕಲ್ಪಿಸಿಕೊಂಡು, ಆಯಾ ರೋಗದ ಸೂತ್ರಗಳನ್ನೆಲ್ಲ ಅನ್ವಯಿಸಿ ನೋಡಿದರು. ವಿಹಿತವಾದ ಔಷಧಗಳು ಹನ್ನೆರಡು! ಬಿಡಿಬಿಡಿಯಾಗಿ ಯುಕ್ತವಾದುದು ಒಟ್ಟಿನಲ್ಲಿ ಹೊರೆಯಾಯಿತು.

ಇದಕ್ಕೆ ಪರಿಹಾರದ ದಾರಿ ಪ್ಯಾರೀಸ್ ಕಾರ್ನರಿನ ಸಮೀಪದಲ್ಲಿಯೇ ತೆರೆದಿತ್ತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ 1978ರಲ್ಲಿ ಡಾ. ವಿ. ಎಸ್. ನಟರಾಜನ್ ಅವರ ಪ್ರಯತ್ನದಿಂದ ವೃದ್ಧರ ಹೊರರೋಗಿ ವಿಭಾಗ ಆರಂಭವಾಯಿತು. 1996ರಲ್ಲಿ ವೃದ್ಧವೈದ್ಯದ ಸ್ನಾತಕೋತ್ತರ ಶಿಕ್ಷಣವೂ ಮೊದಲಾಯಿತು. ನಡಿಗೆ, ನೆನಪು, ಊಟ, ನಿದ್ರೆಗಳನ್ನು ಒಟ್ಟಾಗಿ ಪರಿಶೀಲಿಸಿ, ಯಾವ ಔಷಧ ಬೇಕು, ಯಾವುದು ಬೇಡ ಎಂದು ನಿರ್ಣಯಿಸುವುದೇ ಈ ಶಾಸ್ತ್ರದ ಜೀವಾಳ.

ಈ ವಿದ್ಯೆ ಆಸ್ಪತ್ರೆಯಿಂದ ಆಶ್ರಮಕ್ಕೆ ಇಳಿಯಬೇಕು. 2007ರ ಹಿರಿಯ ನಾಗರಿಕರ ಕಾಯಿದೆ, ಜಿಲ್ಲೆಗೊಂದರಂತಾದರೂ ಕನಿಷ್ಠ 150 ನಿರ್ಗತಿಕರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ಸರ್ಕಾರಗಳು ಸ್ಥಾಪಿಸಬಹುದೆಂದು ವಿಧಿಸಿತು. ಸ್ಥಳ ದೊರೆತರೆ ಸಾಲದು. ಆಶ್ರಮದಲ್ಲಿ ಇರುಳೆಲ್ಲ ಎಚ್ಚರವಿರುವವಳು ಆಯಾ. ಇಂಗ್ಲಿಷಿನ ಸೂತ್ರ ಅವಳ ಕೈಗೆಟುಕದು. ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕು ಉಂಟು. ಮರೆವಿನ ರೋಗದಲ್ಲಿ ಅನೇಕ ವೇಳೆ ತರುವಾಯ ಕಲಿತ ನುಡಿ ಮೊದಲು ಮಸುಳುತ್ತದೆ, ತಾಯ್ನುಡಿ ಉಳಿಯುತ್ತದೆ. ನಾಲ್ವತ್ತು ವರ್ಷ ತಮಿಳಿನಲ್ಲಿ ವ್ಯವಹರಿಸಿದ ಹಿರಿಯರು ಕೊನೆಗೆ ಕೈ ಜೋಮು ಹಿಡಿಯಿತೆಂದು, ಹೊಟ್ಟೆ ತೊಳಸುತ್ತಿದೆಯೆಂದು ಕನ್ನಡದಲ್ಲಿಯೇ ಹೇಳಿಯಾರು. ಕೇಳುವವರಿಗೆ ಅರ್ಥವಾಗದಿದ್ದರೆ ರೋಗಲಕ್ಷಣವೇ ದಾಖಲಾಗದು. ದಾಖಲಾಗದ ಲಕ್ಷಣಕ್ಕೆ ಯಾವ ಸೂತ್ರ ಅನ್ವಯಿಸೀತು?

ಆದುದರಿಂದ ರೋಗಿಯ ತಾಯ್ನುಡಿಯನ್ನು ಕೇಳಿ ಬರೆದುಕೊಳ್ಳುವುದು ಸೂತ್ರದ ಮೊದಲ ವಿಧಿಯಾಗಬೇಕು. ಇಂತಹ ಮಾತುಗಳ ಕನ್ನಡ-ತಮಿಳು ಕೋಶವೊಂದನ್ನು ಸಿದ್ಧಪಡಿಸುವುದು ಹೊರನಾಡಿನ ಸಂಘಗಳಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ.